ಅವ್ವನ ‘ಇಲ್ಲ’

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ವ್ಯಕ್ತಿತ್ವದ ಪ್ರಶ್ನಾವಳಿಯೊಂದನ್ನು ಹಿಡಿದು ಬಂಗಾರಪೇಟೆಯ ನಮ್ಮ ಕೇರಿ ಸುತ್ತಿದೆ. ಹೌದು, ಇಲ್ಲ ಎರಡೇ ಕಾಲಂ. ನಮ್ಮಪ್ಪನ ತಾಯಿ ಅವ್ವನನ್ನು ಕೇಳಿದೆ: ‘ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲವೆ?’ ‘ಇಲ್ಲ’ ಅಂದಳು. ಹದಿನೈದು ದಿನ ಬಿಟ್ಟು ಅದನ್ನೇ ಕೇಳಿದೆ. ‘ಹೌದು ಕಣಪ್ಪ’ ಅಂದಳು. ಎರಡು ಸಲವೂ ಅವಳು ಹೇಳಿದ್ದು ನಿದ್ದೆ ಬರಲ್ಲ ಅಂತ್ಲೇ. ಎಣಿಕೆಯಲ್ಲಿ ಮಾತ್ರ ಎರಡು ಉತ್ತರ. ಅವ್ವ ನಂಬಲಾರದ ಸಾಕ್ಷಿಯಾದಳು.

ಹೀಗೆ ಮತ್ತೆ ಮತ್ತೆ ಕೇಳಿ ತಾಳೆ ನೋಡುವುದಕ್ಕೆ ವಿಶ್ವಾಸಾರ್ಹತೆಯ ಪರೀಕ್ಷೆ ಅಂತಾರೆ. ಅನುವಾದವಾದರೆ ಇನ್ನೊಂದು ದಾರಿಯುಂಟು: ಎರಡೂ ಭಾಷೆ ಬಲ್ಲವರಿಗೆ ಎರಡನ್ನೂ ಕೊಟ್ಟು ಹೋಲಿಸುವುದು. ಎರಡೂ ಬಲ್ಲವರು ಯಾರು? ಆಫೀಸಿನ ಗುಮಾಸ್ತರು, ನನ್ನಂಥ ಕಾಲೇಜು ಹುಡುಗರು. ಚಾಂಪಿಯನ್ ರೀಫ್ ಗಣಿಯೊಳಗೆ ಇಳಿದ ದಲಿತರ ಮನೆಮಾತು ತಮಿಳು, ತೆಲುಗು. ಅವರಿಗೆ ಕನ್ನಡವೂ ಇನ್ನೊಂದು ಅನುವಾದವೇ.

ಈ ಪಟ್ಟಿಗಳು ಹುಟ್ಟಿದ್ದು ಯುದ್ಧದಲ್ಲಿ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಗುಂಡಿನ ಸದ್ದಿಗೆ ಎದೆಗೆಡುವ ಸಿಪಾಯಿಗಳನ್ನು ಮೊದಲೇ ಬೇರ್ಪಡಿಸಲು ರಾಬರ್ಟ್ ವುಡ್‌ವರ್ತ್ ಹೌದು-ಇಲ್ಲದ ಪಟ್ಟಿ ಮಾಡಿದ. ಅದು ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. 1943ರ ಮಿನ್ನೆಸೋಟ ಪ್ರಶ್ನಾವಳಿಗೆ ‘ಸಹಜ’ ಮನುಷ್ಯರಾಗಿ ಸಿಕ್ಕವರು ಹೆಚ್ಚಾಗಿ ಅಲ್ಲಿನ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದ ಬಿಳಿಯರು.

ಕೆಜಿಎಫ್‌ನಲ್ಲಿ ಕಾಗದ ಹಿಡಿದು ಬರುವವರಿಗೂ ಒಂದು ಚರಿತ್ರೆ ಇದೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟಾಗ ಜನ ಮುಷ್ಕರ ಹೂಡಿದರು. ಚಿನ್ನ ಕದ್ದಾರೆಂದು, ಗಣಿಯಿಂದ ಮೇಲೆ ಬಂದವರ ಮೈ ತಡಕುತ್ತಿದ್ದರು. ಅಂಥವನನ್ನು ‘ಯಾರೋ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸುತ್ತದೆಯೆ?’ ಅಂತ ಕೇಳಿ ನೋಡಿ. ಹತ್ತು ಸಲ ಕೇಳಿದರೂ ಹೌದು ಅಂತಾನೆ. ತಾಳೆ ಪೂರ್ತಿ ಸರಿ! ಆದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯುತ್ತೀರಾ, ಕಂಪನಿಯ ಲೆಕ್ಕಕ್ಕಾ?

ಬೇರೆ ದಾರಿ ಇಲ್ಲದಿಲ್ಲ. ಕರಾವಳಿಯ ಕೋಟದಲ್ಲಿ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಬ್ರಾಹ್ಮಣ, ಬಂಟ, ಮೊಗವೀರರ ಮನೆಗಳಲ್ಲಿ ಮನಸ್ಸಿನ ತೊಂದರೆಗಳನ್ನು ವಿಚಾರಿಸಿದರು. ಪುಸ್ತಕ ಬಂದದ್ದು 1976ರಲ್ಲಿ. ಪರದೇಶದ ಪಟ್ಟಿಯನ್ನು ಹಾಗೇ ಅನುವಾದಿಸದೆ, ಇಲ್ಲಿನವರ ಜೊತೆ ಮಾತಾಡಿ ತಿಳಿಯುವ ಸಂದರ್ಶನದ ಕ್ರಮ ಕಟ್ಟಿದ್ದರು. ಆ ಮೂರು ಜಾತಿಗಳಲ್ಲಿ ನಮ್ಮ ಕೇರಿ ಇರಲಿಲ್ಲ, ಅದು ಬೇರೆ ಮಾತು.

ಕೊನೆಗೆ ಪಟ್ಟಿ ಮಡಚಿಟ್ಟು ಕೇಳಿದೆ: ‘ರಾತ್ರಿ ಹೆಂಗಿರ್ತೀಯ ಅವ್ವ?’ ತಾತ ರಾತ್ರಿ ಪಾಳಿಗೆ ಹೋದರೆ ಸೈರನ್ ಕೂಗೋತನಕ ಎದ್ದು ಕೂತಿರ್ತಿದ್ದಳಂತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ತಾತನೂ ಇಲ್ಲ. ‘ಆ ಹೊತ್ತಿಗೆ ಎಚ್ಚರ ಆಗೇ ಆಗ್ತದೆ, ಇದನ್ನ ಎಲ್ಲಿ ಬರ್ಕೊತೀಯ?’ ಅಂದಳು.