ಶಾಲೆಗಳಲ್ಲಿ ಸ್ವಾತಂತ್ರ್ಯ ದಿನಾಚರಣೆ (ಕರ್ನಾಟಕ)

ಪ್ರತಿ ವರ್ಷ ಆಗಸ್ಟ್ 15ರ ಬೆಳಿಗ್ಗೆ ಕರ್ನಾಟಕದ ಶಾಲೆಗಳಲ್ಲಿ ರಾಷ್ಟ್ರಧ್ವಜ ಏರಿಸಿ, ರಾಷ್ಟ್ರಗೀತೆ ಹಾಡಿ, ಭಾಷಣ ಮಾಡಿ, ಸಿಹಿ ಹಂಚುವ ಆಚರಣೆ. ಶಾಲೆಯ ವಾರ್ಷಿಕ ದಿನಗಳಲ್ಲಿ ಊರಿನವರೆಲ್ಲ ಕರೆಯದೆಯೂ ಬರುವ ದಿನವೆಂದರೆ ಇದೇ. ಇದರ ಸಾಲು, ವಂದನೆ, ಕವಾಯತುಗಳ ಬಹುಭಾಗ 1947ಕ್ಕಿಂತ ಹಿಂದಿನದು. ಬಾವುಟ ಮುಟ್ಟಿದರೆ ಲಾಠಿ ಬೀಳುತ್ತಿದ್ದ ಕಾಲದಲ್ಲಿ ಸ್ವಯಂಸೇವಕರೂ ಉಪಾಧ್ಯಾಯರೂ ಮಕ್ಕಳೂ ಸೇರಿ ಕಟ್ಟಿದ ರೂಢಿಯನ್ನೇ ಸ್ವತಂತ್ರ ದೇಶದ ಶಾಲೆಗಳು ಮುಂದುವರಿಸಿದವು.

ಹಿನ್ನೆಲೆ

ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಜಯಕಾರ ಹಾಕಿಸುವ ಪದ್ಧತಿ ಬ್ರಿಟಿಷರ ಕಾಲದಲ್ಲೂ ಇತ್ತು. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬವಾದ ಮೇ 24, ಇಪ್ಪತ್ತನೆಯ ಶತಮಾನದ ಆರಂಭದಿಂದ ಸಾಮ್ರಾಜ್ಯದ ಶಾಲೆಗಳಲ್ಲಿ ‘ಎಂಪೈರ್ ಡೇ’ ಆಯಿತು. 1911ರ ದೆಹಲಿ ದರ್ಬಾರಿನ ಸಂದರ್ಭದಲ್ಲಿ ಹಲವೆಡೆ ಮಕ್ಕಳಿಗೆ ಮಿಠಾಯಿ ಹಂಚಲಾಯಿತು. ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ವರ್ಧಂತಿ ದೊಡ್ಡ ಹಬ್ಬ. ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀಗೌರಿ’ ಸಂಸ್ಥಾನದ ಗೀತೆಯಾಗಿತ್ತು. ಆ ಆಚರಣೆಗಳಲ್ಲಿ ಮಕ್ಕಳಿಗೆ ನೋಡುಗರ ಪಾತ್ರ ಮಾತ್ರ. ಅವರನ್ನು ಆಚರಣೆಯ ನಡುವೆ ತಂದು ನಿಲ್ಲಿಸಿದ್ದು ರಾಷ್ಟ್ರೀಯ ಚಳವಳಿ.

ಹರ್ಡೀಕರರ ಸೇವಾದಳ

ಇಂದು ಶಾಲೆಯಲ್ಲಿ ಧ್ವಜದ ಮುಂದೆ ನಡೆಯುವ ಕವಾಯತಿನ ಮೂಲ ಹುಡುಕುತ್ತ ಹೋದರೆ ಸಿಗುವ ಮೊದಲ ಹೆಸರು ಡಾ. ನಾ.ಸು. ಹರ್ಡೀಕರರದು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ವೈದ್ಯಶಿಕ್ಷಣ ಪಡೆದು, ಅಮೆರಿಕದಲ್ಲಿದ್ದಾಗ ಲಾಲಾ ಲಜಪತರಾಯರೊಡನೆ ದುಡಿದು ಬಂದವರು ಅವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಗೆಳೆಯರೊಂದಿಗೆ ಜೈಲು ಸೇರಿದರು. ಬಾವುಟ ಹಿಡಿದು ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ಸಾಲುಸಾಲಾಗಿ ಜನ ಬಂಧನಕ್ಕೊಳಗಾದ ಹೋರಾಟ ಅದು. ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಅದರ ಸ್ವಯಂಸೇವಕರು ಶಿಸ್ತಿನಿಂದ ದುಡಿದರು.

ಸೇವಾದಳ ತಂದ ರೂಢಿಗಳಲ್ಲಿ ಮುಖ್ಯವಾದದ್ದು ತಿಂಗಳ ಕೊನೆಯ ಭಾನುವಾರದ ಧ್ವಜವಂದನೆ. ಒಂದು ಕಂಬ, ಒಂದು ಖಾದಿ ಬಾವುಟ, ಸಾಲಾಗಿ ನಿಂತ ಹತ್ತಿಪ್ಪತ್ತು ಜನ, ಒಂದು ಹಾಡು: ಇಷ್ಟಿದ್ದರೆ ಯಾವ ಹಳ್ಳಿಯಲ್ಲಾದರೂ ಅದು ನಡೆಯಬಹುದಿತ್ತು. ಆಡಳಿತದ ಅನುಮತಿಯಾಗಲಿ ವಾದ್ಯವೃಂದವಾಗಲಿ ಬೇಕಿರಲಿಲ್ಲ. ಹಣವಿಲ್ಲದ ಏಕೋಪಾಧ್ಯಾಯ ಶಾಲೆಯೂ ಇಂದು ಈ ಹಬ್ಬವನ್ನು ಕೊರತೆಯಿಲ್ಲದೆ ಮಾಡಬಲ್ಲದು ಎಂದರೆ, ಅದಕ್ಕೆ ಕಾರಣ ಆ ಸರಳ ವಿನ್ಯಾಸ. ಸ್ವಾತಂತ್ರ್ಯಾನಂತರ ಪಕ್ಷದ ನಂಟು ಕಳಚಿಕೊಂಡ ಭಾರತ ಸೇವಾದಳ ಕರ್ನಾಟಕದ ಶಾಲೆಗಳಲ್ಲಿ ಉಳಿಯಿತು. ಧ್ವಜ ಮಡಿಸುವುದು, ಕಟ್ಟುವುದು, ಏರಿಸುವುದು, ಇಳಿಸುವುದು ಇವನ್ನು ಶಿಕ್ಷಕರಿಗೆ ಕಲಿಸುವ ಅದರ ಶಿಬಿರಗಳು ಇಂದಿಗೂ ನಡೆಯುತ್ತವೆ.

1930ರಿಂದ 1947

1929ರ ಲಾಹೋರ್ ಅಧಿವೇಶನ ಪೂರ್ಣ ಸ್ವರಾಜ್ಯದ ಗುರಿ ಒಪ್ಪಿಕೊಂಡಿತು. 1930ರ ಜನವರಿ 26ನ್ನು ದೇಶದೆಲ್ಲೆಡೆ ಸ್ವಾತಂತ್ರ್ಯ ದಿನವಾಗಿ ಆಚರಿಸಿ ಪ್ರತಿಜ್ಞೆ ಓದಲಾಯಿತು. ಮುಂದಿನ ಹದಿನೇಳು ವರ್ಷ ‘ಸ್ವಾತಂತ್ರ್ಯ ದಿನ’ ಎಂದರೆ ಜನವರಿ 26. ನಸುಕಿನಲ್ಲಿ ಹಾಡುತ್ತ ಊರು ಸುತ್ತುವ ಪ್ರಭಾತ ಫೇರಿ ಬಲಗೊಂಡದ್ದೂ ಈ ಅವಧಿಯಲ್ಲೇ.

ಮೈಸೂರು ಸಂಸ್ಥಾನದಲ್ಲಿ ಬಾವುಟದ ಪ್ರಶ್ನೆ 1938ರಲ್ಲಿ ರಕ್ತಪಾತಕ್ಕೆ ತಿರುಗಿತು. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಟಿ. ಸಿದ್ದಲಿಂಗಯ್ಯನವರು ಧ್ವಜವೇರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರು ನಡೆದು ಹಲವರು ಸತ್ತರು. ಬಳಿಕ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿದ ಮೇಲೆ, ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣವನ್ನೂ ಹಾರಿಸಲು ದಾರಿಯಾಯಿತು. ಹುಬ್ಬಳ್ಳಿಯಲ್ಲಿ 1942ರ ಆಗಸ್ಟ್‌ನಲ್ಲಿ, ಕ್ವಿಟ್ ಇಂಡಿಯಾ ಮೆರವಣಿಗೆಯ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಶಾಲೆಗೆ ಹೋಗುವ ವಯಸ್ಸಿನ ಹುಡುಗ. ಆಗಸ್ಟ್ 15ರ ಮಕ್ಕಳ ಭಾಷಣಗಳಲ್ಲಿ ದೆಹಲಿಯ ನಾಯಕರ ಹೆಸರುಗಳೇ ತುಂಬಿರುತ್ತವೆ. ಉತ್ತರ ಕರ್ನಾಟಕದ ಪ್ರತಿ ಶಾಲೆಯ ಮಗುವೂ ತನ್ನ ಓರಗೆಯ ಈ ಹುಡುಗನ ಹೆಸರು ಅರಿತಿರಬೇಕಾದದ್ದು ನ್ಯಾಯ.

ಒಂದೇ ದಿನ ಬಾರದ ಸ್ವಾತಂತ್ರ್ಯ

ಇಂದಿನ ಕರ್ನಾಟಕದ ಎಲ್ಲ ಶಾಲೆಗಳೂ 1947ರ ಆಗಸ್ಟ್ 15ನ್ನು ಒಂದೇ ಬಗೆಯಲ್ಲಿ ಕಾಣಲಿಲ್ಲ. ಮುಂಬಯಿ ಮತ್ತು ಮದ್ರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳಲ್ಲೂ ಕೊಡಗಿನಲ್ಲೂ ಅದು ನೇರವಾದ ಬಿಡುಗಡೆ. ಮೈಸೂರು ಸಂಸ್ಥಾನ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ದರೂ ಜನರಿಗೆ ಜವಾಬ್ದಾರಿ ಸರ್ಕಾರ ಸಿಕ್ಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು, ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕಥೆ ಇನ್ನೂ ಕಠಿಣ. ಅಲ್ಲಿ ತ್ರಿವರ್ಣ ಹಾರಿಸುವುದೇ ಅಪರಾಧ. ಹೈದರಾಬಾದಿನಲ್ಲಿ ಚಳವಳಿಯ ನೇತೃತ್ವ ವಹಿಸಿದ್ದ ಸ್ವಾಮಿ ರಮಾನಂದ ತೀರ್ಥರನ್ನು ಬಂಧಿಸಿದ್ದು ಅದೇ ಆಗಸ್ಟ್ 15ರಂದು. ಸಿಂದಗಿಯಲ್ಲಿ ಹುಟ್ಟಿದ ತೀರ್ಥರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಹಿಪ್ಪರಗಾ ಮತ್ತು ಅಂಬಾಜೋಗಾಯಿಯ ರಾಷ್ಟ್ರೀಯ ಶಾಲೆಗಳಲ್ಲಿ ಪಾಠ ಹೇಳಿದವರು. ಈ ಜಿಲ್ಲೆಗಳ ಬಿಡುಗಡೆಗೆ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಆದ್ದರಿಂದಲೇ ಆ ಭಾಗದ ಶಾಲೆಗಳಲ್ಲಿ ಸೆಪ್ಟೆಂಬರ್ 17ರಂದೂ ಧ್ವಜವೇರುತ್ತದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯುತ್ತಿದ್ದ ಅದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ.

ಆಚರಣೆಯ ಕ್ರಮ

ರಾಷ್ಟ್ರಧ್ವಜದ ಈಗಿನ ರೂಪವನ್ನು ಸಂವಿಧಾನ ಸಭೆ 1947ರ ಜುಲೈ 22ರಂದು ಒಪ್ಪಿತು. ರಾಷ್ಟ್ರಗೀತೆ ಅಧಿಕೃತವಾದದ್ದು 1950ರ ಜನವರಿ 24ರಂದು. 2002ರ ಧ್ವಜ ಸಂಹಿತೆಯಲ್ಲಿ ಶಾಲೆಗಳಿಗೆಂದೇ ಒಂದು ಭಾಗವಿದೆ. ಅದರ ಪ್ರಕಾರ ಮಕ್ಕಳು ಚೌಕದ ಮೂರು ಬದಿಗಳಲ್ಲಿ ನಿಲ್ಲಬೇಕು, ನಾಲ್ಕನೆಯ ಬದಿಯ ನಡುವೆ ಧ್ವಜಸ್ತಂಭ. ಮುಖ್ಯೋಪಾಧ್ಯಾಯರು, ವಿದ್ಯಾರ್ಥಿ ನಾಯಕ, ಧ್ವಜ ಬಿಚ್ಚುವವರು ಸ್ತಂಭದಿಂದ ಮೂರು ಹೆಜ್ಜೆ ಹಿಂದೆ. ತರಗತಿಗಳು ಹತ್ತು ಹತ್ತು ಮಕ್ಕಳ ತಂಡಗಳಾಗಿ, ಹಿರಿಯ ತರಗತಿ ಬಲತುದಿಗೆ. ಪ್ರತಿ ತರಗತಿಯ ನಾಯಕ ಮುಂದೆ ಬಂದು ಶಾಲಾ ನಾಯಕನಿಗೆ ವಂದಿಸಿ ತನ್ನ ತರಗತಿ ಸಿದ್ಧವೆಂದು ತಿಳಿಸಬೇಕು.

ಸಂಹಿತೆಯಲ್ಲಿಲ್ಲದ ಕೆಲಸ ಹಿಂದಿನ ದಿನವೇ ಶುರುವಾಗಿರುತ್ತದೆ. ಧ್ವಜದ ಕಟ್ಟೆಗೆ ಸುಣ್ಣ ಬಳಿಯಬೇಕು, ಅಂಗಳದಲ್ಲಿ ಸಾಲು ನಿಲ್ಲಲು ಸುಣ್ಣದ ಗೆರೆ ಎಳೆಯಬೇಕು, ಮಾವಿನ ತೋರಣ ಕಟ್ಟಬೇಕು. ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಬಾವುಟವನ್ನು ಉದ್ದಕ್ಕೆ ಮಡಿಸಿ, ಒಳಗೆ ಸೇವಂತಿಗೆ, ಗುಲಾಬಿಯ ಎಸಳುಗಳನ್ನಿಟ್ಟು ಸುತ್ತಿ, ಹಗ್ಗದ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು ಹಾಕುತ್ತಾರೆ. ಬಿಗಿಯಾದರೆ ಬಿಚ್ಚದು, ಸಡಿಲವಾದರೆ ಅರ್ಧದಾರಿಯಲ್ಲೇ ಕಳಚೀತು. ಮಲೆನಾಡು, ಕರಾವಳಿಯಲ್ಲಿ ಆಗಸ್ಟ್ ಎಂದರೆ ಜಡಿಮಳೆ. ಹಗ್ಗ ನೆನೆದು ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಅಲ್ಲಿನ ಮೇಷ್ಟ್ರುಗಳು ಎರಡೆರಡು ಸಲ ಎಳೆದು ನೋಡಿಯೇ ಸಮಾಧಾನಪಡುತ್ತಾರೆ. ಕೇಸರಿ ಮೇಲಿರಬೇಕೆಂಬುದನ್ನು ಪರೀಕ್ಷಿಸುವುದಂತೂ ಅವರ ಜೀವದ ಹೊಣೆ. ಮಗುವೊಂದು ಮೊದಲ ಬಾರಿ ದೇಶವನ್ನು ಕಣ್ಣಾರೆ ಕಾಣುವುದು, ಆ ಗಂಟು ಬಿಚ್ಚಿ ಹೂ ಉದುರುವ ಗಳಿಗೆಯಲ್ಲಿ.

ಧ್ವಜವೇರಿದ ಮೇಲೆ ರಾಷ್ಟ್ರಗೀತೆ. ಪೂರ್ತಿ ಹಾಡಲು ಸುಮಾರು 52 ಸೆಕೆಂಡು. ನಾಡಗೀತೆಯಾಗಿ ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ಅಂಗೀಕೃತವಾಯಿತು. 2022ರಲ್ಲಿ ಸರ್ಕಾರ ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿತು. ಕನ್ನಡ ಮಕ್ಕಳ ನಾಲಗೆಯಲ್ಲಿ ನೆಲೆಸಿರುವ ಬಾವುಟದ ಹಾಡು ಬರೆದವರು ಕಯ್ಯಾರ ಕಿಞ್ಞಣ್ಣ ರೈ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಅವರು ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರು. 1956ರಲ್ಲಿ ಅವರ ಕಾಸರಗೋಡು ಕೇರಳಕ್ಕೆ ಸೇರಿತು. ಹಾಡು ಗಡಿಯ ಎರಡೂ ಬದಿಯ ಕನ್ನಡ ಶಾಲೆಗಳದಾಗಿ ಉಳಿಯಿತು.

ಮಕ್ಕಳು ಬಲಗೈ ಮುಂಚಾಚಿ ಹೇಳುವ ರಾಷ್ಟ್ರೀಯ ಪ್ರತಿಜ್ಞೆಯ ಕರ್ತೃ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದ ಪೈಡಿಮರ್ರಿ ವೆಂಕಟ ಸುಬ್ಬರಾವ್. ತೆಲುಗಿನಲ್ಲಿ ಅದನ್ನು ಬರೆದದ್ದು 1962ರಲ್ಲಿ. 1964ರಲ್ಲಿ ಬೆಂಗಳೂರಿನಲ್ಲಿ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆ, 1965ರ ಜನವರಿ 26ರಿಂದ ಅದನ್ನು ದೇಶದ ಶಾಲೆಗಳಲ್ಲಿ ಜಾರಿಗೆ ತರಲು ತೀರ್ಮಾನಿಸಿತು.

ಬಳಿಕ ಲೇಜಿಮು, ಡಂಬೆಲ್ಸ್, ಕೋಲಾಟ, ವೇಷಭೂಷಣ, ಮಕ್ಕಳ ಭಾಷಣ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಪಂಚಾಯ್ತಿ ಸದಸ್ಯರು, ದಾನಿಗಳು ಮಾತಾಡುತ್ತಾರೆ. ಮಕ್ಕಳ ಸರದಿ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ. ಅತಿಥಿಗಳ ಮಾತು ಮೊಟಕಾಗಿ, ಬಾಯಿಪಾಠ ಮಾಡಿ ಬಂದ ಮೂರನೆಯ ಇಯತ್ತೆಯ ಹುಡುಗಿಗೆ ಮೊದಲು ಮೈಕು ಸಿಗಬೇಕು. ಕೊನೆಗೆ ಬೂಂದಿ, ಲಾಡು, ಚಾಕೊಲೇಟು. ಹಿಂದಿನ ದಶಕಗಳಲ್ಲಿ ಪೆಪ್ಪರ್‌ಮೆಂಟು, ಬೆಲ್ಲ ಮಂಡಕ್ಕಿ.

ಹಾಡದ ಮಕ್ಕಳ ಪ್ರಕರಣ

1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಹೊರಹಾಕಿತು. ಗೀತೆ ನಡೆಯುವಾಗ ಅವರು ಎದ್ದು ಗೌರವದಿಂದ ನಿಲ್ಲುತ್ತಿದ್ದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಗೌರವದಿಂದ ನಿಂತವರನ್ನು ಹಾಡಲೇಬೇಕೆಂದು ಬಲವಂತಪಡಿಸುವಂತಿಲ್ಲ ಎಂಬ ಈ ತೀರ್ಪು ಇಂದಿಗೂ ಎಲ್ಲ ಶಾಲೆಗಳಿಗೆ ಅನ್ವಯಿಸುತ್ತದೆ, ಮುಖ್ಯೋಪಾಧ್ಯಾಯರು ಅದನ್ನು ತಿಳಿದಿರುವುದು ಅಗತ್ಯ.

ಧ್ವಜದ ಬಟ್ಟೆ

ಖಾದಿ ಧ್ವಜದ ಬಟ್ಟೆಗೂ ಕರ್ನಾಟಕಕ್ಕೂ ಹಳೆಯ ನಂಟು. ಧಾರವಾಡ ಜಿಲ್ಲೆಯ ಗರಗದಲ್ಲಿ 1950ರ ದಶಕದಿಂದ ಧ್ವಜದ ಖಾದಿ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಸ್ಥಾಪನೆಯಾಯಿತು. ಅದರ ಧ್ವಜ ಘಟಕಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯಿದೆ. ಅಲ್ಲಿ ಹೊಲಿಯುವ, ಚಕ್ರ ಮುದ್ರಿಸುವ ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. 6300×4200 ಮಿ.ಮೀ.ನಿಂದ 150×100 ಮಿ.ಮೀ.ವರೆಗೆ ಒಂಬತ್ತು ಗಾತ್ರಗಳಿಗೆ ಅವಕಾಶವಿದ್ದು, ಎಲ್ಲವೂ 3:2 ಅನುಪಾತದವು. ಧ್ವಜ ಸಂಹಿತೆಯ 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ನೀಡಿತು. ಮರುವರ್ಷ ಮನೆಮನೆಯಲ್ಲೂ ಬಾವುಟ ಹಾರಿತು, ಆದರೆ ಬೆಂಗೇರಿಯ ಸಂಘ ಈ ತಿದ್ದುಪಡಿಯನ್ನು ವಿರೋಧಿಸಿ ಪ್ರತಿಭಟಿಸಿತು. ಶಾಲೆಯೊಂದಕ್ಕೆ ಬೇಕಾದದ್ದು ಹಲವು ವರ್ಷ ಬಾಳುವ ಒಂದೇ ಬಾವುಟ. ಅದನ್ನು ಖಾದಿಯಲ್ಲೇ ಕೊಳ್ಳಲು ಶಾಲೆಗಳಿಗೆ ಇಂದಿಗೂ ಅಡ್ಡಿಯಿಲ್ಲ.