ಗಿಬ್ಸ್ ಮಾಡಿಕೊಂಡ ನಾಲ್ಕು ಮದುವೆ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2003ರಲ್ಲಿ ಆರಂಭವಾದ ‘ಎನ್‌ಸಿಐಎಸ್’ ಪತ್ತೇದಾರಿ ಧಾರಾವಾಹಿಯ ನಾಯಕ ಲೆರಾಯ್ ಜೆತ್ರೊ ಗಿಬ್ಸ್. ನೌಕಾಪಡೆಗೆ ಸಂಬಂಧಿಸಿದ ಅಪರಾಧಗಳ ತನಿಖೆ ಅವನ ಕೆಲಸ. ಕೆಲಸದಲ್ಲಿ ಎಷ್ಟು ಗಟ್ಟಿಗನೋ ಸಂಸಾರದಲ್ಲಿ ಅಷ್ಟೇ ಸೋತವನು. ಮೂರು ಮದುವೆ, ಮೂರು ವಿಚ್ಛೇದನ. ಅವನ ಕಣ್ಣು ಹೋಗುವುದು ಹೆಚ್ಚಾಗಿ ಕೆಂಗೂದಲಿನ ಹೆಂಗಸರ ಮೇಲೆ. ಮೊದಲ ಕೆಲವು ವರ್ಷ ಇದೆಲ್ಲ ವೀಕ್ಷಕರಿಗೆ ನಗುವಿನ ವಿಷಯವಾಗಿತ್ತು.

2006ರ ಮೇ ತಿಂಗಳಲ್ಲಿ ಆ ನಗು ನಿಂತಿತು. ಹಡಗಿನಲ್ಲಿ ನಡೆದ ಸ್ಫೋಟದಿಂದ ಪ್ರಜ್ಞೆ ತಪ್ಪಿದ ಗಿಬ್ಸ್ ಆಸ್ಪತ್ರೆಯಲ್ಲಿ ಕಣ್ಣು ತೆರೆದಾಗ ಹದಿನೈದು ವರ್ಷಗಳ ನೆನಪು ಅಳಿಸಿಹೋಗಿತ್ತು. ಅವನ ಪಾಲಿಗೆ ಅದು ಇನ್ನೂ 1991. ಕೊಲ್ಲಿ ಯುದ್ಧಕ್ಕೆ ಸೈನಿಕನಾಗಿ ಹೋಗಿದ್ದ ಕಾಲ. ಆಗಲೇ ಅವನ ಮೊದಲ ಹೆಂಡತಿ ಷಾನನ್ ಮತ್ತು ಪುಟ್ಟ ಮಗಳು ಕೆಲ್ಲಿ ಸತ್ತಿದ್ದರು. ಷಾನನ್ ಒಂದು ಕೊಲೆಯನ್ನು ಕಣ್ಣಾರೆ ಕಂಡಿದ್ದಳು. ಸಾಕ್ಷಿ ಹೇಳಬೇಕಿದ್ದ ಅವಳನ್ನು ಕಾವಲಿನಲ್ಲಿ ಕರೆದೊಯ್ಯುತ್ತಿದ್ದ ವಾಹನದ ಚಾಲಕನಿಗೆ ಮಾದಕ ವಸ್ತು ಮಾರುವ ಕೊಲೆಗಾರ ಗುಂಡಿಕ್ಕಿದ. ವಾಹನ ಉರುಳಿ ತಾಯಿ ಮಗಳಿಬ್ಬರೂ ಸತ್ತರು. ವರ್ಷಗಳಿಂದ ಜೊತೆಯಲ್ಲಿ ದುಡಿದ ಸಹೋದ್ಯೋಗಿಗಳಿಗೂ ಈ ಸಂಗತಿ ತಿಳಿದಿರಲಿಲ್ಲ.

ಷಾನನ್‌ಳ ಕೂದಲೂ ಕೆಂಪು. ಅಲ್ಲಿಯವರೆಗೆ ಚಪಲದಂತೆ ಕಂಡಿದ್ದುದು ಆ ಬಳಿಕ ಹುಡುಕಾಟದಂತೆ ಕಂಡಿತು. ಗಿಬ್ಸ್ ಹೊಸ ಹೆಂಡತಿಯರನ್ನು ಮನೆಗೆ ತಂದಿದ್ದ. ಆದರೆ ಮನಸ್ಸಿನಲ್ಲಿ ಮೊದಲಿನವಳ ಜಾಗ ತೆರವಾಗಿರಲಿಲ್ಲ.

ಅಮೆರಿಕದ ಕಿರುತೆರೆಗೆ ವಿಧುರ ನಾಯಕ ಹೊಸಬನಲ್ಲ. ಆದರೆ ಹಿಂದಿನ ವಿಧುರರಿಗೆ ಇಂಥ ಸಂಕಟವಿರಲಿಲ್ಲ. 1959ರಿಂದ 1973ರವರೆಗೆ ಎನ್‌ಬಿಸಿಯಲ್ಲಿ ನಡೆದ ‘ಬೊನಾಂಜಾ’ದ ಬೆನ್ ಕಾರ್ಟ್‌ರೈಟ್ ಮೂರು ಬಾರಿ ಮದುವೆಯಾಗಿ ಮೂವರು ಹೆಂಡತಿಯರನ್ನೂ ಕಳೆದುಕೊಂಡವನು. ಮೂವರಿಗೂ ಒಬ್ಬೊಬ್ಬ ಮಗ. ನೆವಾಡಾದ ವಿಶಾಲ ಜಮೀನಿನಲ್ಲಿ ಅಪ್ಪ ಮಕ್ಕಳ ಸಾಹಸಗಳೇ ಕಥೆ. ಅಪ್ಪನಿಗಾಗಲಿ ಮಕ್ಕಳಿಗಾಗಲಿ ಯಾವ ಹೆಣ್ಣಿನ ಮೇಲೆ ಪ್ರೀತಿ ಹುಟ್ಟಿದರೂ ಕಂತು ಮುಗಿಯುವುದರೊಳಗೆ ಅವಳು ಸಾಯುತ್ತಿದ್ದಳು, ಇಲ್ಲವೆ ಊರು ಬಿಡುತ್ತಿದ್ದಳು. ಮುಂದಿನ ವಾರ ಅವಳ ನೆನಪು ಯಾರಿಗೂ ಇರುತ್ತಿರಲಿಲ್ಲ. 1960ರಲ್ಲಿ ಬಂದ ‘ದಿ ಆ್ಯಂಡಿ ಗ್ರಿಫಿತ್ ಷೋ’, ‘ಮೈ ತ್ರೀ ಸನ್ಸ್’ ಧಾರಾವಾಹಿಗಳ ನಾಯಕರೂ ಮಕ್ಕಳನ್ನು ಸಾಕುವ ವಿಧುರರೇ.

ಇದಕ್ಕೆ ಕಾರಣಗಳಿದ್ದವು. ವಿಚ್ಛೇದನ ಪಡೆದವರನ್ನು ಮುಖ್ಯ ಪಾತ್ರವಾಗಿ ತೋರಿಸಲು ವಾಹಿನಿಗಳು ಅಂಜುತ್ತಿದ್ದವು. 1970ರಲ್ಲೂ ‘ಮೇರಿ ಟೈಲರ್ ಮೂರ್ ಷೋ’ ನಾಯಕಿಯನ್ನು ವಿಚ್ಛೇದಿತೆಯಾಗಿಸುವ ಯೋಚನೆಗೆ ಸಿಬಿಎಸ್ ಒಪ್ಪದೆ, ಅವಳು ಮದುವೆ ಮಾತುಕತೆ ಮುರಿದ ಹೆಣ್ಣಾಗಬೇಕಾಯಿತು. ಹೆಂಡತಿ ಸತ್ತಿದ್ದರೆ ಈ ತೊಡಕಿಲ್ಲ. ನಾಯಕ ಸಂಸಾರಸ್ಥನೂ ಹೌದು, ಹೊಸ ಪ್ರೀತಿಗೆ ಸ್ವತಂತ್ರನೂ ಹೌದು. ಜೊತೆಗೆ, ಕಂತುಗಳನ್ನು ಮರುಪ್ರಸಾರಕ್ಕೆ ಮಾರುವಾಗ ಅವು ಯಾವ ಕ್ರಮದಲ್ಲಿ ಬಂದರೂ ಅರ್ಥವಾಗಬೇಕಿತ್ತು. ಹಾಗಾಗಿ ಒಂದು ವಾರದ ದುಃಖ ಮುಂದಿನ ವಾರಕ್ಕೆ ದಾಟುವಂತಿರಲಿಲ್ಲ.

ಆದರೂ ‘ಬೊನಾಂಜಾ’ದಲ್ಲಿ ಒಮ್ಮೆ ನಿಜವಾದ ದುಃಖ ತೆರೆಗೆ ನುಗ್ಗಿತು. ನಡುವಣ ಮಗ ಹಾಸ್‌ನ ಮದುವೆಗೆಂದು ಮೈಕಲ್ ಲ್ಯಾಂಡನ್ ಒಂದು ಕಥೆ ಬರೆದಿದ್ದರು. 1972ರ ಮೇ ತಿಂಗಳಲ್ಲಿ ಆ ಪಾತ್ರದ ನಟ ಡ್ಯಾನ್ ಬ್ಲಾಕರ್ ತೀರಿಕೊಂಡರು. ಲ್ಯಾಂಡನ್ ಆ ಕಥೆಯನ್ನು ತಾವು ಅಭಿನಯಿಸುತ್ತಿದ್ದ ಕಿರಿಯ ಮಗ ಜೋಗೆ ಹೊಂದಿಸಿ, ತಾವೇ ನಿರ್ದೇಶಿಸಿದರು. ‘ಫಾರೆವರ್’ ಎಂಬ ಆ ಕಂತು ಅದೇ ಸೆಪ್ಟೆಂಬರ್‌ನಲ್ಲಿ ಪ್ರಸಾರವಾಯಿತು. ಜೋ ಮದುವೆಯಾಗುತ್ತಾನೆ, ಬಸುರಿ ಹೆಂಡತಿ ಆಲಿಸ್ ಕೊಲೆಯಾಗುತ್ತಾಳೆ. ಮರುವರ್ಷದ ಜನವರಿಯಲ್ಲಿ ಧಾರಾವಾಹಿಯೇ ಮುಗಿದುದರಿಂದ ಆ ದುಃಖ ಜೋನ ಮುಂದಿನ ಬಾಳನ್ನು ಹೇಗೆ ತಿದ್ದಿತೆಂದು ತೋರಿಸುವ ಅವಕಾಶ ಸಿಗಲಿಲ್ಲ.

ಆ ಅವಕಾಶ ಗಿಬ್ಸ್‌ನ ಕಾಲಕ್ಕೆ ಸಿಕ್ಕಿತು. ಅಷ್ಟರಲ್ಲಿ ಕಂತಿನಿಂದ ಕಂತಿಗೆ ನೆನಪು ಹರಿದು ಬರುವುದು ರೂಢಿಯಾಗಿತ್ತು. ಹೆಂಡತಿಯಿಲ್ಲದ ಗಂಡಸಿಗೆ ಬೇಗ ಇನ್ನೊಂದು ಸಂಬಂಧ ನೋಡಿದರೆ ಎಲ್ಲ ಸರಿಹೋಗುತ್ತದೆಂಬ ಹಿರಿಯರ ನಂಬಿಕೆ ನಮ್ಮಲ್ಲಿಯೂ ಉಂಟು. ಆ ಸಂಬಂಧದಲ್ಲಿ ಬಂದವಳ ಪಾಡೇನೆಂದು ಕೇಳುವವರು ಕಡಿಮೆ. ಈ ಧಾರಾವಾಹಿ ತಡವಾಗಿಯಾದರೂ ಅದನ್ನು ಕೇಳಿತು. ಷಾನನ್ ಬಳಿಕ ಗಿಬ್ಸ್‌ನ ಕೈಹಿಡಿದ ಡಯೇನ್ ಅವನನ್ನು ಬಿಟ್ಟು ಅವನ ಗೆಳೆಯ ಫೋರ್ನೆಲ್‌ನನ್ನು ಮದುವೆಯಾದಳು. ಅದೂ ಉಳಿಯದೆ ಮತ್ತೊಬ್ಬನನ್ನು. ಬಹುಕಾಲ ಅವಳು ಜಗಳಗಂಟಿಯೆಂದೇ ಹಾಸ್ಯಕ್ಕೀಡಾಗಿದ್ದಳು. 2012ರ ಒಂದು ಕಂತಿನಲ್ಲಿ ಅವಳು ಗಿಬ್ಸ್‌ಗೆ ಮನಸ್ಸು ಬಿಚ್ಚಿ ಹೇಳುತ್ತಾಳೆ: ಅವನಿಗೆ ಷಾನನ್ ಹೇಗೋ ತನಗೆ ಅವನು ಹಾಗೆ. ಅವನು ಮರೆಯಲಾರದವಳ ನೆರಳಿನಲ್ಲಿ ಬದುಕಿ, ಆಮೇಲೆ ಅವನನ್ನು ಮರೆಯಲಾರದೆ ಅವಳೂ ತಪ್ಪು ಮದುವೆಗಳನ್ನು ಮಾಡಿಕೊಂಡಿದ್ದಳು. 2015ರ ಕಂತೊಂದರಲ್ಲಿ ಡಯೇನ್ ಗಿಬ್ಸ್‌ನ ಕಣ್ಣೆದುರೇ ಕೊಲೆಯಾದಳು.

ಗಿಬ್ಸ್ ಮತ್ತೆ ಮದುವೆಯಾಗಲಿಲ್ಲ. ಪಾತ್ರಧಾರಿ ಮಾರ್ಕ್ ಹಾರ್ಮನ್ 2021ರ ಅಕ್ಟೋಬರ್‌ನಲ್ಲಿ ಧಾರಾವಾಹಿಯಿಂದ ಹೊರಬಂದಾಗ ಗಿಬ್ಸ್ ಅಲಾಸ್ಕಾದಲ್ಲಿ ಒಬ್ಬನೇ ಉಳಿದ. ಹೆಂಡತಿ ಮಗಳು ಹೋದ ಮೇಲೆ ಸಿಗದಿದ್ದ ನೆಮ್ಮದಿ ಅಲ್ಲಿ ಸಿಕ್ಕಿತೆಂದು ಜೊತೆಗಾರನಿಗೆ ಹೇಳಿದ. ಯಾರನ್ನೂ ಷಾನನ್‌ಳ ಜಾಗದಲ್ಲಿ ಕೂರಿಸದೆ ಬಂದ ನೆಮ್ಮದಿ ಅದು. 2024ರಲ್ಲಿ ಗಿಬ್ಸ್‌ನ ಯೌವನದ ಕಥೆ ‘ಎನ್‌ಸಿಐಎಸ್: ಒರಿಜಿನ್ಸ್’ ಶುರುವಾದಾಗ ಅದು ಆರಿಸಿಕೊಂಡ ವರ್ಷ 1991. ಹೆಂಡತಿ ಮಗಳು ಸತ್ತ ದಿನಗಳ ಬೆನ್ನಿಗೇ ಕಥೆ ತೊಡಗುತ್ತದೆ. ಬೆನ್ ಕಾರ್ಟ್‌ರೈಟ್‌ನ ಕಾಲದಲ್ಲಿ ಹೆಂಡತಿಯ ಸಾವು ಕಥೆಗೆ ದಾರಿ ಬಿಡಿಸುವ ಅನುಕೂಲವಾಗಿತ್ತು. ಅರವತ್ತೈದು ವರ್ಷಗಳಲ್ಲಿ ಅದೇ ಕಥೆಯಾಯಿತು.