ಒಂದೇ ಪ್ರತಿಯ ಮುಖ

ತನ್ನ ಮುಖವು ತನ್ನ ಕಾಲಾನಂತರವೂ ಉಳಿಯಬೇಕೆಂಬ ಬಯಕೆ ಮನುಷ್ಯನಿಗೆ ಬಹು ಪುರಾತನವಾದುದು. ಆದರೆ ಹಾಗೆ ಉಳಿದ ಮುಖವು ಯಾರ ವಶದಲ್ಲಿರತಕ್ಕದ್ದು ಎಂಬ ಪ್ರಶ್ನೆಯು ಅಷ್ಟಾಗಿ ವಿಚಾರಿಸಲ್ಪಟ್ಟಿಲ್ಲ. ಭಾವಚಿತ್ರದ ಚರಿತ್ರೆಯನ್ನು ಈ ಒಂದು ದೃಷ್ಟಿಯಿಂದ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯಿಂದಲೇ ಆರಂಭಿಸೋಣ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರನು ಟಿಪ್ಪುವಿನ ಕುಮಾರರ ಮತ್ತು ಮೈಸೂರಿನ ಅಧಿಕಾರಿಗಳ ಮುಖಗಳನ್ನು ಬರೆದನು. ಅವನ ಕೈಚಳಕದ ಮಾದರಿಗಳನ್ನು ದರಿಯಾ ದೌಲತ್ತಿನಲ್ಲಿ ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಚಿತ್ರಗಳು ಗೆದ್ದವರಿಗಾಗಿ ಬರೆದವು. ಸೋತವರ ಮನೆಯ ಗೋಡೆಗಾಗಿ ಅಲ್ಲ.

1839ರಲ್ಲಿ ಫ್ರಾನ್ಸಿನ ದಗೆರ್ ತನ್ನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ತಿಳಿಸಿದನು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಆ ಚಿತ್ರಕ್ಕೆ ಎರಡನೆಯ ಪ್ರತಿಯಿಲ್ಲ. ಕುಳಿತವನು ಅದನ್ನು ಕೊಂಡುಹೋದರೆ ತೆಗೆದವನಲ್ಲಿ ಏನೂ ಉಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ ನೆಗೆಟಿವ್ ವಿಧಾನವನ್ನು ರೂಪಿಸಿದ ಮೇಲೆ ಸ್ಥಿತಿ ಬದಲಾಯಿತು. ಒಂದು ನೆಗೆಟಿವಿನಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದಾಯಿತು. ಆದರೆ ಆ ಮೂಲವು ಕ್ಯಾಮರಾ ಹಿಡಿದವನ ಪೆಟ್ಟಿಗೆಯಲ್ಲಿ ನಿಂತಿತು. ಸರ್ಕಾರವೂ ಪಂಡಿತರೂ ಈ ಸೌಕರ್ಯವನ್ನು ಬಳಸಿಕೊಂಡರು. 1868ರಿಂದ 1875ರವರೆಗೆ ಭಾರತದ ಜನರನ್ನು ಕುರಿತು 8 ಸಚಿತ್ರ ಸಂಪುಟಗಳು ಹೊರಬಂದವು. ನಂಜುಂಡಯ್ಯನವರು ಆರಂಭಿಸಿ ಅನಂತಕೃಷ್ಣ ಅಯ್ಯರವರು ಪೂರೈಸಿದ ಮೈಸೂರಿನ ಜಾತಿಗಳ ಗ್ರಂಥವು 1928ರಿಂದ 1935ರೊಳಗೆ 4 ಸಂಪುಟಗಳಾಗಿ ಅಚ್ಚಾಯಿತು. ಇಂತಹ ಗ್ರಂಥಗಳ ಉಪಕಾರವು ಅಲ್ಪವಲ್ಲ. ಆದರೆ ಅವುಗಳ ಪಟಗಳ ಕೆಳಗೆ ಬಹುಮಟ್ಟಿಗೆ ಜಾತಿಯ ಹೆಸರುಂಟು, ವ್ಯಕ್ತಿಯ ಹೆಸರಿಲ್ಲ. ಮುಖವು ಒಬ್ಬನದು, ಸೊತ್ತು ಮತ್ತೊಬ್ಬನದು ಎಂಬಂತಾಯಿತು.

ಈ ಸಂಬಂಧವನ್ನು ತಿರುಗಿಸಿದುದು ಒಂದು ಮಗುವಿನ ಮಾತು. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡನ ಮೂರು ವರ್ಷದ ಮಗಳು, ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ತಂದೆಯನ್ನು ಕೇಳಿದಳು. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನ ವಿದ್ವತ್ಸಭೆಯೊಂದರಲ್ಲಿ ಲ್ಯಾಂಡನು ತನ್ನ ಮುಖದ ಪಟವನ್ನೇ ದೊಡ್ಡ ಹಾಳೆಯಿಂದ ಸುಲಿದು ತೋರಿಸಿದನು. ಮುಂದಿನ ವರ್ಷ ಅವನ ಪೋಲರಾಯ್ಡ್ ಕ್ಯಾಮರಾ ಮಾರಾಟಕ್ಕೆ ಬಂದಿತು.

ಇದರ ಮರ್ಮವು ಸರಳವಾದುದು. ನೆಗೆಟಿವ್ ಹಾಳೆಯೂ ಪಟದ ಹಾಳೆಯೂ ಜೊತೆಯಾಗಿ ಎರಡು ಉರುಳೆಗಳ ನಡುವೆ ಹಾಯುವಾಗ ಸಣ್ಣ ಪೊಟ್ಟಣವೊಂದು ಒಡೆದು, ಅದರೊಳಗಿನ ರಾಸಾಯನಿಕ ಲೇಹ್ಯವು ನಡುವೆ ಹರಡುತ್ತದೆ. ಬೆಳಕು ತಾಗಿದ ಬೆಳ್ಳಿಯ ಲವಣವು ನೆಗೆಟಿವಿನಲ್ಲಿಯೇ ಕಪ್ಪಾಗಿ ನಿಲ್ಲುತ್ತದೆ. ಬೆಳಕು ತಾಗದುದು ಕರಗಿ, ಎದುರಿನ ಹಾಳೆಗೆ ದಾಟಿ, ಅಲ್ಲಿ ಬೆಳ್ಳಿಯಾಗಿ ಕೂಡುತ್ತದೆ. ಹೀಗೆ ನೆರಳು ಇದ್ದಲ್ಲಿ ನೆರಳೇ ಮೂಡುತ್ತದೆ. ಮುಂದೆ ಈ ಹಾಳೆಗಳು 4×5 ಅಂಗುಲ, 8×10 ಅಂಗುಲಗಳ ಗಾತ್ರದಲ್ಲಿಯೂ ದೊರೆತವು. 1976ರ ಸುಮಾರಿನಲ್ಲಿ 20×24 ಅಂಗುಲದ ಪಟ ತೆಗೆಯುವ ಕ್ಯಾಮರಾಗಳೂ ಸಿದ್ಧವಾದವು; ಅಂತಹ ಒಂದೊಂದರ ತೂಕ ಸುಮಾರು 100 ಕಿಲೋಗ್ರಾಂ.

ಎಲ್ಸಾ ಡಾರ್ಫ್‌ಮನ್ ಎಂಬಾಕೆ ಮಸಾಚುಸೆಟ್ಸ್ ಸೀಮೆಯಲ್ಲಿ ಇಂತಹ ಕ್ಯಾಮರಾದಿಂದ ದಶಕಗಳ ಕಾಲ ಸಂಸಾರಸ್ಥರ ಪಟಗಳನ್ನು ತೆಗೆದಳು. ಕುಳಿತವರ ಮುಂದೆಯೇ ಚಿತ್ರವು ಮೂಡುತ್ತಿದ್ದಿತು. ಎರಡು ಪಟಗಳಲ್ಲಿ ತಮಗೆ ಬೇಕಾದುದನ್ನು ಅವರೇ ಆರಿಸಿಕೊಳ್ಳುತ್ತಿದ್ದರು. ಬೇಡವಾದುದು ಆಕೆಯ ಪಾಲಿಗೆ ಉಳಿಯುತ್ತಿದ್ದಿತು. ತನ್ನ ಮುಖದ ಮೇಲೆ ಮೊದಲ ಹಕ್ಕು ಕುಳಿತವನದು ಎಂಬ ತತ್ತ್ವವು ಇಲ್ಲಿ ನಡೆನುಡಿಯಾಯಿತು. ಆಕೆ 2020ರಲ್ಲಿ ತೀರಿಕೊಂಡಳು.

ಆದರೆ ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ. 1961ರಲ್ಲಿ ಬಂದ 55ನೆಯ ನಮೂನೆಯಂತಹ ಕೆಲವನ್ನು ಬಿಟ್ಟರೆ, ತತ್‌ಕ್ಷಣದ ಹಾಳೆಯಲ್ಲಿ ಮತ್ತೆ ಬಳಸಬಹುದಾದ ನೆಗೆಟಿವ್ ಉಳಿಯುವುದಿಲ್ಲ. ಮೊದಲ ಕಾಲದ ಕಪ್ಪುಬಿಳುಪಿನ ಪಟಗಳಿಗೆ ರಕ್ಷಕ ಲೇಪವನ್ನು ಬಳಿಯದಿದ್ದರೆ ಅವು ಮಾಸುತ್ತಿದ್ದವು. ಸಂಸ್ಥೆಯು 2008ರಲ್ಲಿ ಹಾಳೆಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಇತರರು ಅದನ್ನು ಪುನಃ ಆರಂಭಿಸಿದರೂ ಹಳೆಯ ನಮೂನೆಗಳೆಲ್ಲ ಮರಳಲಿಲ್ಲ. ಮನೆಯಲ್ಲಿರುವ ಆ ಒಂದು ಪಟವು ನಷ್ಟವಾದರೆ ಆ ಕ್ಷಣವೇ ನಷ್ಟವಾದಂತೆ.

ದೂರದೇಶದ ಈ ವೃತ್ತಾಂತದಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳ ಗೋಡೆಗಳಲ್ಲಿ ಕಟ್ಟುಹಾಕಿಸಿ ತೂಗುಬಿಟ್ಟಿರುವ ಹಿರಿಯರ ಪಟಗಳನ್ನು ನೋಡಿರಿ. ಅವುಗಳಿಗೆ ನೆಗೆಟಿವ್ ಒಂದು ಕಾಲದಲ್ಲಿ ಇದ್ದಿರಬಹುದು. ಈಗ ಅದನ್ನು ಎಲ್ಲಿ ಹುಡುಕುವುದು? ಅವೂ ತತ್‌ಕ್ಷಣಪಟದಂತೆ ಒಂದೇ ಪ್ರತಿಯವಾಗಿವೆ. 1938ರ ಏಪ್ರಿಲಿನಲ್ಲಿ ಮದ್ದೂರಿಗೆ ಸಮೀಪದ ಶಿವಪುರದಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲು ನೆರೆದ ಸಾವಿರಾರು ಜನರಲ್ಲಿ ಮುಖಂಡರ ಹೆಸರುಗಳು ಗ್ರಂಥಗಳಲ್ಲಿವೆ. ಉಳಿದವರ ಮುಖಗಳನ್ನು ಕಾಣಬೇಕಾದರೆ ಅವರ ಮೊಮ್ಮಕ್ಕಳ ಗೋಡೆಗಳನ್ನೇ ಆಶ್ರಯಿಸಬೇಕು. ಆ ಗೋಡೆಗಳೇ ನಮ್ಮ ಜಿಲ್ಲೆಯ ಮುಖಚರಿತ್ರೆಯ ಭಂಡಾರ.

ಗೋಡೆಗೆ ಸುಣ್ಣ ಹೊಡೆಯುವಾಗ ಇಳಿಸಿದ ಪಟವು ಮರಳಿ ಮೇಲೇರದೆ ಅಟ್ಟ ಸೇರುವುದುಂಟು. ಹೆಸರು ಬಲ್ಲ ಅಜ್ಜಿಯು ಕಾಲವಾದ ಮೇಲೆ ಪಟದಲ್ಲಿರುವವರು ಯಾರೋ ಆಗಿಬಿಡುತ್ತಾರೆ. ಆದುದರಿಂದ ಪ್ರತಿಯೊಂದು ಮನೆಯವರೂ, ಬಲ್ಲವರು ಇರುವಾಗಲೇ, ಪಟದ ಹಿಂಬದಿಯಲ್ಲಾಗಲಿ ಅದರ ಹೊದಿಕೆಯ ಮೇಲಾಗಲಿ ಹೆಸರು, ಊರು, ವರ್ಷಗಳನ್ನು ಸೀಸದ ಕಡ್ಡಿಯಿಂದ ಬರೆದಿಡಬೇಕು. ಬಿಸಿಲು ತೇವಗಳಿಂದ ಅದನ್ನು ಕಾಯಬೇಕು. ಒಂದು ನಕಲನ್ನಾದರೂ ಮಾಡಿಸಿ ಬೇರೆಡೆ ಇಡಬೇಕು. ಹೆಸರಿಲ್ಲದ ಮುಖವು ಪರರ ಗ್ರಂಥದಲ್ಲಿ ಜಾತಿಯ ಮಾದರಿಯಾಗಿ ನಿಂತುದನ್ನು ಕಂಡೆವು. ನಮ್ಮ ಮನೆಯಲ್ಲಿಯೇ ಅದು ಹೆಸರಿಲ್ಲದಂತಾದರೆ ಆ ತಪ್ಪನ್ನು ಯಾರ ಮೇಲೆ ಹೊರಿಸುವುದು?